ಕರೆಂಟ್, ನೆಟ್‌ವರ್ಕ್, ಬ್ಯಾಂಕ್ ಕೈಕೊಟ್ಟರೆ ದೂರು ಎಲ್ಲಿ, ಹೇಗೆ? ಕೊಡಗಿನವರಿಗೊಂದು ಮಾರ್ಗದರ್ಶಿ

ಮಳೆಗಾಲ ಶುರುವಾದರೆ ಸಾಕು, ಓದುಗರಿಂದ ಬರುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಭಾಗಮಂಡಲದವರು ಕೇಳುತ್ತಾರೆ, ಬಿರುನಾಣಿಯವರು ಕೇಳುತ್ತಾರೆ, ಶನಿವಾರಸಂತೆಯವರೂ ಕೇಳುತ್ತಾರೆ. "ಮೂರು ದಿನದಿಂದ ಕರೆಂಟಿಲ್ಲ, ಟವರೂ ಇಲ್ಲ. ಇದನ್ನೆಲ್ಲ ನೋಡಿಕೊಳ್ಳೋಕೆ ಅಂತಲೇ ಆಯೋಗ, ಪ್ರಾಧಿಕಾರ ಇದೆಯಲ್ಲ, ಅವರಿಗೆ ಬರೆದರೆ ಏನಾದ್ರೂ ಆಗುತ್ತಾ?"

ಆಗುತ್ತೆ. ಆದರೆ ನೇರವಾಗಿ ಅವರಿಗೇ ಬರೆದರೆ ಆಗುವುದಿಲ್ಲ. ಬಹಳ ಜನ ಸೋಲುವುದು ಇಲ್ಲೇ. ಒಂದು ದೊಡ್ಡ ಇಮೇಲ್ ಬರೆದು ದೆಹಲಿಗೋ ಬೆಂಗಳೂರಿಗೋ ಕಳಿಸುತ್ತಾರೆ, ಉತ್ತರ ಬರುವುದಿಲ್ಲ, "ಇವೆಲ್ಲ ಸುಮ್ನೆ" ಅಂತ ಕೈಬಿಡುತ್ತಾರೆ.

ನಿಯಂತ್ರಣ ಸಂಸ್ಥೆ ಅಂದರೆ ಒಂದು ಕ್ಷೇತ್ರದ ಕಂಪನಿಗಳಿಗೆಲ್ಲ ನಿಯಮ, ದರ, ಗಡುವು ಹಾಕಿಕೊಡುವ ಸಂಸ್ಥೆ. ಕರೆಂಟಿಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಚಿಕ್ಕದಾಗಿ ಕೆಇಆರ್‌ಸಿ. ಫೋನು, ಇಂಟರ್ನೆಟ್ಟಿಗೆ ಟ್ರಾಯ್. ಬ್ಯಾಂಕಿಗೆ ರಿಸರ್ವ್ ಬ್ಯಾಂಕ್. ವಿಮೆಗೆ ಐಆರ್‌ಡಿಎಐ. ಇವುಗಳ ಮುಖ್ಯ ಕೆಲಸ ನಿಯಮ ಮಾಡುವುದು, ಮೀರಿದ ಕಂಪನಿಗೆ ದಂಡ ಹಾಕುವುದು. ನಿಮ್ಮ ಒಬ್ಬರ ದೂರನ್ನು ಕೈಗೆತ್ತಿಕೊಂಡು ಓಡಾಡುವುದಲ್ಲ. ಟ್ರಾಯ್ ಅಂತೂ ಒಬ್ಬೊಬ್ಬ ಗ್ರಾಹಕರ ದೂರನ್ನು ವಿಚಾರಣೆ ಮಾಡುವುದೇ ಇಲ್ಲ. ಆದರೆ ಇವೇ ಸಂಸ್ಥೆಗಳು ಮಾಡಿಟ್ಟ ನಿಯಮದಲ್ಲಿ ದೂರು ಕೊಡುವ ದಾರಿ ಇದೆ, ಗಡುವಿದೆ, ಪರಿಹಾರವೂ ಇದೆ. ಆ ದಾರಿಯಲ್ಲಿ ಕ್ರಮವಾಗಿ ಹೋದವರಿಗೆ ಆಯೋಗ ರಕ್ಷಣೆ ಕೊಡುತ್ತದೆ.

1. ಮೊದಲು ಬರೆದಿಡಿ, ಆಮೇಲೆ ಬೈಯಿರಿ

ಒಂದು ನೋಟ್‌ಬುಕ್ ಇಡಿ. ಮೊಬೈಲಿನಲ್ಲಿ ಬೇಡ, ಪುಸ್ತಕವೇ ಇರಲಿ. ಕೊಡಗಿನಲ್ಲಿ ಇದಕ್ಕೆ ಕಾರಣವಿದೆ. ಕರೆಂಟ್ ಹೋದ ಕೆಲವು ಗಂಟೆಗೆ ಟವರಿನ ಬ್ಯಾಟರಿ ಮುಗಿಯುತ್ತದೆ. ಆಮೇಲೆ ಕರೆಂಟಿಲ್ಲ ಅಂತ ಹೇಳೋಕೆ ಫೋನಿಲ್ಲ, ಫೋನಿಲ್ಲ ಅಂತ ಹೇಳೋಕೂ ಫೋನಿಲ್ಲ. ಆ ಹೊತ್ತಿನಲ್ಲಿ ಪುಸ್ತಕದಲ್ಲಿ ಬರೆದದ್ದೇ ಸಾಕ್ಷಿ.

ಬರೆಯಬೇಕಾದದ್ದು ಇಷ್ಟು: ಯಾವ ದಿನ, ಎಷ್ಟು ಗಂಟೆಗೆ ಹೋಯಿತು, ಯಾವಾಗ ಬಂತು, ಯಾರಿಗೆ ತಿಳಿಸಿದಿರಿ, ದೂರಿನ ನಂಬರ್ ಏನು. ಬಿಲ್ಲು, ರೀಚಾರ್ಜ್ ಮೆಸೇಜು, ಪಾಸ್‌ಬುಕ್ಕಿನ ಪುಟ ಎಲ್ಲದರ ಫೋಟೋ ತೆಗೆದಿಡಿ. ಕರೆಂಟ್ ಬಿಲ್ಲಿನ ಮೇಲ್ಭಾಗದಲ್ಲಿ ಆರ್‌ಆರ್ ನಂಬರ್ ಇರುತ್ತದೆ. ಅದು ನಿಮ್ಮ ಸಂಪರ್ಕದ ಗುರುತಿನ ನಂಬರ್. ಅದಿಲ್ಲದೆ ನಮ್ಮ ಕರೆಂಟ್ ಕಂಪನಿ ಚೆಸ್ಕಾಂನಲ್ಲಿ ಯಾವ ದೂರೂ ಮುಂದೆ ಹೋಗುವುದಿಲ್ಲ. ಮಕ್ಕಳು ಬೆಂಗಳೂರಿನಲ್ಲಿದ್ದು ಹಿರಿಯರಷ್ಟೇ ತೋಟದ ಮನೆಯಲ್ಲಿದ್ದರೆ ಆ ನಂಬರನ್ನು ಮಕ್ಕಳ ಹತ್ತಿರವೂ ಕೊಟ್ಟಿಡಿ. ಇಲ್ಲಿ ಸಿಗ್ನಲ್ ಇಲ್ಲದಾಗ ಅಲ್ಲಿಂದ ಅವರು ದೂರು ಕೊಡಬಹುದು.

2. ದೂರಿನ ನಂಬರ್ ಸಿಗುವವರೆಗೆ ಅದು ದೂರಲ್ಲ

ಲೈನ್‌ಮನ್‌ಗೆ ಫೋನ್ ಮಾಡಿ ಹೇಳಿದ್ದು, ಸಂತೆಯಲ್ಲಿ ಸಿಕ್ಕ ಇಂಜಿನಿಯರ್‌ಗೆ ಹೇಳಿದ್ದು, ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದು ಇದ್ಯಾವುದೂ ಲೆಕ್ಕಕ್ಕಿಲ್ಲ. ಪರಿಚಯದ ಲೈನ್‌ಮನ್‌ಗೆ ಹೇಳಿದರೆ ಕೆಲಸ ಬೇಗ ಆಗುತ್ತೆ, ನಿಜ. ಹೇಳಿ. ಜೊತೆಗೆ ಕರೆಂಟ್ ದೂರಿನ ಸಹಾಯವಾಣಿ 1912ಕ್ಕೂ ಫೋನ್ ಮಾಡಿ ನಂಬರ್ ತಗೊಳ್ಳಿ. ಗಡುವಿನ ಗಂಟೆ ಲೆಕ್ಕ ಹಾಕಲು ದಾಖಲೆಯಲ್ಲಿ ದೂರು ಇರಬೇಕು.

ಇನ್ನೊಂದು ಮಾತು. ಜಡಿಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್ ನಿಮ್ಮ ಎದುರಾಳಿ ಅಲ್ಲ. ಜಗಳ ಬೇಕಾದರೆ ಕಾಗದದಲ್ಲಿ, ಕಚೇರಿಯ ಜೊತೆ ಮಾಡಿ. ಬಿದ್ದ ತಂತಿಯ ಹತ್ತಿರ ಹೋಗಬೇಡಿ, ಟಿಸಿ ಹತ್ತಿರ ನೀವೇ ಫ್ಯೂಸ್ ಹಾಕಲು ಹೋಗಬೇಡಿ. (ಟಿಸಿ ಅಂದರೆ ಊರಿಗೆ ಕರೆಂಟ್ ಇಳಿಸಿ ಕೊಡುವ ಟ್ರಾನ್ಸ್‌ಫಾರ್ಮರ್.)

ಎಚ್ಚರ: ಗೂಗಲ್‌ನಲ್ಲಿ 'ಕಸ್ಟಮರ್ ಕೇರ್' ಅಂತ ಹುಡುಕಿ ಮೊದಲು ಕಂಡ ನಂಬರಿಗೆ ಫೋನ್ ಮಾಡಬೇಡಿ. ಮೋಸಗಾರರು ಅಲ್ಲೇ ನಂಬರ್ ಹಾಕಿ ಕಾಯುತ್ತಾರೆ. ಬಿಲ್ಲಿನ ಮೇಲಿರುವ ನಂಬರ್, ಎಟಿಎಂ ಕಾರ್ಡಿನ ಹಿಂದಿರುವ ನಂಬರ್, ಕಂಪನಿಯ ಆಪ್ ಮಾತ್ರ ನಂಬಿ. "ಟ್ರಾಯ್‌ನಿಂದ ಮಾತಾಡ್ತಿದ್ದೇವೆ, ನಿಮ್ಮ ಸಿಮ್ ಎರಡು ಗಂಟೆಯಲ್ಲಿ ಬಂದ್ ಆಗುತ್ತೆ" ಅಂತ ಫೋನ್ ಬಂದರೆ ಅದು ಖಂಡಿತ ಮೋಸ. ಟ್ರಾಯ್ ಯಾರಿಗೂ ಹಾಗೆ ಫೋನ್ ಮಾಡುವುದಿಲ್ಲ.

3. ಕರೆಂಟ್: ನಮ್ಮ ಜಿಲ್ಲೆಯ ದೊಡ್ಡ ತಲೆನೋವು

ನಾವು ಈಗಲೂ ಕೆಇಬಿ ಅನ್ನುವ ಕಚೇರಿ ಈಗ ಚೆಸ್ಕಾಂ, ಅಂದರೆ ಮೈಸೂರಿನಲ್ಲಿ ಮುಖ್ಯ ಕಚೇರಿ ಇರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಅದರ ಮೇಲೆ ನಿಯಮ ಹಾಕುವುದು ಕೆಇಆರ್‌ಸಿ. ಯಾವ ಕೆಲಸ ಎಷ್ಟು ಹೊತ್ತಿನಲ್ಲಿ ಆಗಬೇಕು ಅಂತ ಆಯೋಗ ಪಟ್ಟಿ ಮಾಡಿದೆ. ಫ್ಯೂಸ್ ಹೋದರೆ ಪಟ್ಟಣದಲ್ಲಿ 6 ಗಂಟೆ, ಹಳ್ಳಿಯಲ್ಲಿ 24 ಗಂಟೆ. ಟಿಸಿ ಸುಟ್ಟರೆ ಪಟ್ಟಣದಲ್ಲಿ 24 ಗಂಟೆ, ಹಳ್ಳಿಯಲ್ಲಿ 72 ಗಂಟೆ. ತಡವಾದರೆ ಗ್ರಾಹಕರಿಗೆ ಪರಿಹಾರ ಕೊಡಬೇಕು. ಮೊತ್ತ ಸಣ್ಣದು. ಆದರೂ ಕೇಳಿ. ಪರಿಹಾರ ಕೊಟ್ಟ ಪ್ರತಿ ಪ್ರಕರಣವೂ ಕಚೇರಿಯ ತಪ್ಪಾಗಿ ದಾಖಲೆಗೆ ಹೋಗುತ್ತದೆ. ಅವರಿಗೆ ಬಿಸಿ ಮುಟ್ಟುವುದು ಅದರಿಂದ.

ಹೊಸ ಸಂಪರ್ಕಕ್ಕೂ ಗಡುವಿದೆ. ಕೇಂದ್ರದ 2020ರ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ತಿದ್ದುಪಡಿ ಬಂತು. ಪುರಸಭೆ ವ್ಯಾಪ್ತಿಯಲ್ಲಿ 7 ದಿನ, ಹಳ್ಳಿಯಲ್ಲಿ 15 ದಿನ, ಗುಡ್ಡಗಾಡಿನ ಹಳ್ಳಿಯಲ್ಲಿ 30 ದಿನ. ನಮ್ಮ ಬಹಳಷ್ಟು ಊರುಗಳಿಗೆ ಆ ಕೊನೆಯದನ್ನೇ ಹೇಳುತ್ತಾರೆ ಅಂತ ಇಟ್ಟುಕೊಳ್ಳಿ. ಆದರೆ ಕುಶಾಲನಗರದ ಪಟ್ಟಣದ ಮನೆಗೂ 30 ದಿನ ಅಂದರೆ ಒಪ್ಪಬೇಡಿ.

ದೂರಿನ ಪತ್ರ ಉದ್ದ ಬೇಡ. ಇಷ್ಟಿದ್ದರೆ ಸಾಕು:

"ನನ್ನ ಆರ್‌ಆರ್ ನಂಬರ್ ಇಂಥದ್ದು. ಜುಲೈ 14ರ ಸಂಜೆ 6.40ಕ್ಕೆ ಕರೆಂಟ್ ಹೋಯಿತು. ಅದೇ ದಿನ 7.15ಕ್ಕೆ 1912ಕ್ಕೆ ತಿಳಿಸಿದೆ. ದೂರಿನ ನಂಬರ್ ಇಂಥದ್ದು. ಜುಲೈ 18ರ ಬೆಳಿಗ್ಗೆ 11ಕ್ಕೆ ಸರಿಯಾಯಿತು. ಕೆಇಆರ್‌ಸಿ ನಿಗದಿ ಮಾಡಿದ ಅವಧಿ ಮೀರಿದೆ. ನಿಯಮದಂತೆ ಸಿಗಬೇಕಾದ ಪರಿಹಾರವನ್ನು ಬಿಲ್ಲಿನಲ್ಲಿ ಹೊಂದಿಸಿ, ಲಿಖಿತ ಉತ್ತರ ಕೊಡಿ."

ಇದರಲ್ಲಿ ಸಿಟ್ಟಿಲ್ಲ, ಫ್ರಿಜ್ಜಿನಲ್ಲಿ ಹಂದಿ ಮಾಂಸ ಹಾಳಾದ ಕಥೆಯಿಲ್ಲ. ಗಂಟೆ, ದಿನ, ನಂಬರ್ ಇದೆ. ಎರಡು ಪ್ರತಿ ಮಾಡಿ. ಒಂದನ್ನು ಸೆಕ್ಷನ್ ಆಫೀಸಿನಲ್ಲಿ ಕೊಟ್ಟು ಇನ್ನೊಂದಕ್ಕೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. "ಸೀಲಿಲ್ಲ, ನಾಳೆ ಬನ್ನಿ" ಅಂದರೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.

ಸೆಕ್ಷನ್ ಆಫೀಸಿನಲ್ಲಿ ಆಗದಿದ್ದರೆ ಉಪವಿಭಾಗದ ಎಇಇಗೆ, ಅಂದರೆ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್‌ಗೆ ಬರೆಯಿರಿ. ಅಲ್ಲೂ ಆಗದಿದ್ದರೆ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆ. ಇದು ವಿದ್ಯುತ್ ಕಾಯ್ದೆ 2003ರ 42ನೇ ಸೆಕ್ಷನ್ ಪ್ರಕಾರ ಕಂಪನಿ ಕಡ್ಡಾಯವಾಗಿ ನಡೆಸಬೇಕಾದ ವೇದಿಕೆ. ವಕೀಲರು ಬೇಕಿಲ್ಲ. ನಮ್ಮ ಜಿಲ್ಲೆಯ ದೂರಿನ ವಿಳಾಸ, ಅರ್ಜಿ ನಮೂನೆ ಎರಡನ್ನೂ ಮಡಿಕೇರಿಯ ವಿಭಾಗ ಕಚೇರಿಯಲ್ಲಿ ಕೇಳಿ ಪಡೆಯಿರಿ. ವೇದಿಕೆಯ ತೀರ್ಪು ಸರಿ ಅನ್ನಿಸದಿದ್ದರೆ ವಿದ್ಯುತ್ ಒಂಬುಡ್ಸ್‌ಮನ್‌ಗೆ ಮೇಲ್ಮನವಿ. ಒಂಬುಡ್ಸ್‌ಮನ್ ಅಂದರೆ ಕಂಪನಿಯವರಲ್ಲದ, ಆಯೋಗವೇ ನೇಮಿಸಿದ ತೀರ್ಪುಗಾರರು. ತೀರ್ಪಿನ ಪ್ರತಿ ಕೈಗೆ ಬಂದ ಮೇಲೆ ತಿಂಗಳೊಳಗೆ ಕಳಿಸಿಬಿಡಿ. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಗ್ರಾಹಕರಿಗೆ ಹೆಚ್ಚು ಉಪಯೋಗಕ್ಕೆ ಬರುವ, ಜನ ಅತಿ ಕಡಿಮೆ ಬಳಸುವ ಮೆಟ್ಟಿಲು ಇದು.

ಇಲ್ಲಿ ಕಾಲು ಜಾರುವ ಜಾಗಗಳು ಕೆಲವು ಇವೆ.

"ಪ್ರಕೃತಿ ವಿಕೋಪ" ಅನ್ನುವ ಉತ್ತರ. ನೆರೆ, ಬಿರುಗಾಳಿಯಂಥ ಸಂದರ್ಭಕ್ಕೆ ಗಡುವಿನಿಂದ ವಿನಾಯಿತಿ ಇದೆ. 2018ರ ಆಗಸ್ಟಿನಲ್ಲಿ ಗುಡ್ಡವೇ ಕುಸಿದಾಗ ಗಡುವಿನ ಮಾತಾಡುವುದು ನ್ಯಾಯವೂ ಅಲ್ಲ. ಆದರೆ ಪ್ರತಿ ವರ್ಷ ಅದೇ ತಿರುವಿನಲ್ಲಿ ಅದೇ ಸಿಲ್ವರ್ ಓಕ್ ಕೊಂಬೆ ಅದೇ ತಂತಿಯ ಮೇಲೆ ಬೀಳುವುದು ವಿಕೋಪ ಅಲ್ಲ, ಅಲ್ವಾ? ಏಪ್ರಿಲ್‌ನಲ್ಲೇ, ಮಳೆ ಹಿಡಿಯುವ ಮೊದಲು, ಆ ಜಾಗದ ಫೋಟೋ ಸಮೇತ "ತಂತಿಗೆ ತಾಗುವ ಕೊಂಬೆ ಕಡಿಸಿ" ಅಂತ ಬರೆದುಕೊಟ್ಟು ಸೀಲು ಹಾಕಿಸಿಕೊಳ್ಳಿ. ಜುಲೈನಲ್ಲಿ ವೇದಿಕೆ ಮುಂದೆ ಆ ಒಂದು ಹಾಳೆ ಬಹಳ ಕೆಲಸ ಮಾಡುತ್ತದೆ. ಹಾಗೇ, ಕೊಂಬೆ ಕಡಿಯಲು ಅವರು ಬಂದಾಗ ತೋಟದೊಳಗೆ ಬಿಡದೆ ಕಳಿಸಿದ್ದರೆ ನಿಮ್ಮ ದೂರಿಗೆ ಬಲವಿರುವುದಿಲ್ಲ. ಇದು ನಮ್ಮಲ್ಲಿ ನಡೆಯುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ಬಿಲ್ಲು ಜಾಸ್ತಿ ಬಂದಾಗ ಕಟ್ಟದೆ ಕೂರುವುದು. ಬಾಕಿ ಅಂತ ಕರೆಂಟ್ ಕಡಿಯುವ ಮೊದಲು 15 ದಿನದ ಲಿಖಿತ ನೋಟಿಸ್ ಕೊಡಲೇಬೇಕು. ಅಷ್ಟರೊಳಗೆ ಆಕ್ಷೇಪಣೆ ಬರೆದುಕೊಟ್ಟು, ಹಿಂದಿನ ಆರು ತಿಂಗಳ ಸರಾಸರಿಯಷ್ಟು ಹಣ 'ಆಕ್ಷೇಪಣೆಯೊಂದಿಗೆ' ಕಟ್ಟಿದರೆ ವಿವಾದ ಮುಗಿಯುವವರೆಗೆ ಕಡಿಯುವಂತಿಲ್ಲ. ಇದು ಕಾಯ್ದೆಯ 56ನೇ ಸೆಕ್ಷನ್ನಿನಲ್ಲೇ ಇದೆ. ಪತ್ರದಲ್ಲಿ ಸೆಕ್ಷನ್ ನಂಬರ್ ಹಾಕಿ.

ಕಳ್ಳತನದ ಕೇಸು. ಅನಧಿಕೃತ ಬಳಕೆ, ವಿದ್ಯುತ್ ಕಳ್ಳತನ ಅಂತ ಕೇಸು ಹಾಕಿದ್ದರೆ ಈ ವೇದಿಕೆ ಅದನ್ನು ಮುಟ್ಟುವುದಿಲ್ಲ. ಆಗ ಮೊದಲ ದಿನವೇ ವಕೀಲರನ್ನು ನೋಡಿ.

4. ಮೊಬೈಲ್, ಇಂಟರ್ನೆಟ್

ಮೊದಲು ಎರಡು ಸಮಸ್ಯೆ ಬೇರೆ ಮಾಡಿಕೊಳ್ಳಿ. ಇದ್ದ ಸಿಗ್ನಲ್ ಹೋಗುವುದು ಒಂದು. ಊರಿಗೆ ಟವರೇ ಇಲ್ಲದಿರುವುದು ಇನ್ನೊಂದು. ಎರಡನೆಯದಕ್ಕೆ ಟ್ರಾಯ್ ನಿಯಮದಲ್ಲಿ ಮದ್ದಿಲ್ಲ. ಅದು ಸರ್ಕಾರದ ಕೆಲಸ. ಸಿಗ್ನಲ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡುವ ಯೋಜನೆಗೆ ಕೇಂದ್ರ ಸಂಪುಟ 2022ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಇಂಥ ಯೋಜನೆಗೆ ಗ್ರಾಮ ಪಂಚಾಯಿತಿ ನಿರ್ಣಯ ಮಾಡಿ, ಸಂಸದರ ಮೂಲಕ ಒತ್ತಡ ಹಾಕಬೇಕು. ಗ್ರಾಹಕ ದೂರಿನಲ್ಲಿ ಟವರ್ ಬರುವುದಿಲ್ಲ.

ಇದ್ದ ಸೇವೆ ಕೆಟ್ಟಿದ್ದರೆ ಹೀಗೆ ಮಾಡಿ.

ಒಂದು, ಕಂಪನಿಯ ದೂರು ಕೇಂದ್ರಕ್ಕೆ, ಅಂದರೆ 198ಕ್ಕೆ ಫೋನ್ ಮಾಡಿ ಅಥವಾ ಅವರ ಆಪ್‌ನಲ್ಲಿ ದೂರು ಕೊಡಿ. ಡಾಕೆಟ್ ನಂಬರ್ ಇರುವ ಎಸ್‌ಎಂಎಸ್ ಬರುತ್ತದೆ. ಡಾಕೆಟ್ ಅಂದರೆ ದೂರಿನ ನೋಂದಣಿ ಸಂಖ್ಯೆ. ಆ ಮೆಸೇಜ್ ಅಳಿಸಬೇಡಿ. ಮನೆಯಲ್ಲಿ ಸಿಗ್ನಲ್ ಇಲ್ಲದಿದ್ದರೆ ಪೇಟೆಗೆ ಹೋದಾಗ ಮಾಡಿ. ಆದರೆ "ಸಮಸ್ಯೆ ನನ್ನ ಮನೆಯಲ್ಲಿ" ಅಂತ ಊರು, ಪಿನ್‌ಕೋಡ್ ಹೇಳಿ ಬರೆಸಿ. ಇಲ್ಲದಿದ್ದರೆ ಗೋಣಿಕೊಪ್ಪದಲ್ಲಿ ಫುಲ್ ಸಿಗ್ನಲ್ ನೋಡಿ ದೂರು ಮುಚ್ಚಿಬಿಡುತ್ತಾರೆ.

ಎರಡು, ಪರಿಹಾರ ಸರಿಯಿಲ್ಲದಿದ್ದರೆ ಅಥವಾ ಗಡುವು ಮೀರಿದರೆ 30 ದಿನದೊಳಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ಇದಕ್ಕೆ ಶುಲ್ಕವಿಲ್ಲ. 39 ದಿನದಲ್ಲಿ ತೀರ್ಮಾನ ಕೊಡಬೇಕು ಅಂತ ಟ್ರಾಯ್‌ನ 2012ರ ನಿಯಮ ಹೇಳುತ್ತದೆ. 'ಮೇಲ್ಮನವಿ' ಅನ್ನುವ ಪದ ಸ್ಪಷ್ಟವಾಗಿ ಬರೆಯಿರಿ. ಇಲ್ಲದಿದ್ದರೆ ಹೊಸ ದೂರು ಅಂತ ಮತ್ತೆ ಮೊದಲಿಂದ ಶುರು ಮಾಡುತ್ತಾರೆ. ಕಾಲ್ ಸೆಂಟರಿನವರು ಈ ಪ್ರಾಧಿಕಾರದ ವಿಷಯ ತಾವಾಗಿ ಬಾಯಿಬಿಡುವುದು ಅಪರೂಪ. ವಿಳಾಸ ಕಂಪನಿಯ ವೆಬ್‌ಸೈಟಿನಲ್ಲಿ ಇರಲೇಬೇಕು.

ಮೂರು, ಅಲ್ಲೂ ಆಗದಿದ್ದರೆ ದೂರಸಂಪರ್ಕ ಇಲಾಖೆಗೆ, ಸಿಪಿಗ್ರಾಮ್ಸ್ ಅನ್ನುವ ಕೇಂದ್ರ ಸರ್ಕಾರದ ಕುಂದುಕೊರತೆ ಪೋರ್ಟಲ್ ಮೂಲಕ ಬರೆಯಿರಿ. ಡಾಕೆಟ್ ನಂಬರ್, ಮೇಲ್ಮನವಿ ನಂಬರ್ ಎರಡೂ ಹಾಕಿ.

ಪರಿಹಾರದ ವಿಷಯದಲ್ಲಿ ಬಹಳ ಜನಕ್ಕೆ ತಪ್ಪು ತಿಳಿವಳಿಕೆ ಇದೆ. 2024ರ ಅಕ್ಟೋಬರ್ 1ರಿಂದ ಜಾರಿಯಾದ ಟ್ರಾಯ್ ನಿಯಮದಲ್ಲಿ 24 ಗಂಟೆಗಿಂತ ಜಾಸ್ತಿ ನೆಟ್‌ವರ್ಕ್ ಹೋದರೆ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆಯಲ್ಲಿ ಕಡಿತ, ಪ್ರಿಪೇಯ್ಡ್‌ನವರಿಗೆ ವ್ಯಾಲಿಡಿಟಿ ವಿಸ್ತರಣೆ ಇದೆ. ಆದರೆ ಅದು ಜಿಲ್ಲಾ ಮಟ್ಟದಲ್ಲಿ ಸೇವೆ ನಿಂತಾಗ ಮಾತ್ರ. ನಾಪೋಕ್ಲಿನ ಒಂದು ಟವರ್ ನಾಲ್ಕು ದಿನ ಸತ್ತಿದ್ದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಪ್ರಕೃತಿ ವಿಕೋಪಕ್ಕೂ ವಿನಾಯಿತಿ ಇದೆ. ಗುಡ್ಡಗಾಡಿನವರ ಮಟ್ಟಿಗೆ ಇದು ದೊಡ್ಡ ಕೊರತೆ ಅಂತಲೇ ನನ್ನ ಅಭಿಪ್ರಾಯ. ಗುಣಮಟ್ಟದ ವರದಿಗೂ ಇಡೀ ಕರ್ನಾಟಕ ಒಂದೇ ವಲಯ. ಬೆಂಗಳೂರಿನ ಒಳ್ಳೆಯ ಸಿಗ್ನಲ್ಲಿನ ಜೊತೆ ಸರಾಸರಿ ಮಾಡಿದರೆ ನಮ್ಮ ಕಣಿವೆಗಳು ಕಾಣುವುದೇ ಇಲ್ಲ.

ಮನೆಗೆ ಫೈಬರ್ ಹಾಕಿಸಿದ್ದರೆ ಪರಿಸ್ಥಿತಿ ಸ್ವಲ್ಪ ವಾಸಿ. ಕಂಪನಿ ಕಡೆಯ ದೋಷ 3 ದಿನದಲ್ಲಿ ಸರಿಯಾಗದಿದ್ದರೆ ಬಾಡಿಗೆ ಕಡಿತ ಕೇಳಬಹುದು. ಊರಿನ ಕೇಬಲ್ ಹುಡುಗನಿಗೆ ಹೇಳಿ ಬಿಡಬೇಡಿ, ಕಂಪನಿಯಲ್ಲೇ ದೂರು ನೋಂದಾಯಿಸಿ.

ದೂರಿಗಿಂತ ಬೇಗ ಕೆಲಸ ಮಾಡುವುದು ಕೆಲವೊಮ್ಮೆ ಕಂಪನಿ ಬದಲಿಸುವುದು. ಇಂಗ್ಲಿಷಿನಲ್ಲಿ ಪೋರ್ಟ್ ಅಂತ ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್ ಕಳಿಸಿದರೆ ಯುಪಿಸಿ ಬರುತ್ತದೆ. ಅದು ನಂಬರ್ ಬದಲಾಗದೆ ಕಂಪನಿ ಬದಲಿಸುವ ಕೋಡ್. 4 ದಿನ ಮಾತ್ರ ನಡೆಯುತ್ತದೆ. ಬದಲಿಸುವ ಮೊದಲು ಆ ಕಂಪನಿಯ ಸಿಮ್ ಇರುವ ಪಕ್ಕದ ಮನೆಯವರನ್ನು ಕರೆದು ನಿಮ್ಮ ಜಗುಲಿಯಲ್ಲೂ ಒಳಕೋಣೆಯಲ್ಲೂ ಮಾತಾಡಿಸಿ ನೋಡಿ. ನಮ್ಮಲ್ಲಿ ಒಂದು ತಿರುವು ದಾಟಿದರೆ ನೆಟ್‌ವರ್ಕೇ ಬೇರೆ.

5. ಬ್ಯಾಂಕು, ಸೊಸೈಟಿ, ವಿಮೆ

ಬ್ಯಾಂಕಿನಲ್ಲಿ ಮೊದಲು ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸರಿಯಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್. ಅವರ ಸಿಎಂಎಸ್ ಪೋರ್ಟಲ್‌ನಲ್ಲಿ ಉಚಿತವಾಗಿ ದೂರು ಹಾಕಬಹುದು. ಮಾಹಿತಿಗೆ 14448. ಬ್ಯಾಂಕಿಗೆ ಹೇಳದೆ ನೇರ ಇಲ್ಲಿಗೆ ಬಂದರೆ ದೂರು ವಾಪಸ್.

ಎಟಿಎಂನಲ್ಲಿ ಹಣ ಬರದೆ ಖಾತೆಯಿಂದ ಕಡಿತವಾದರೆ ಮುಂದಿನ 5 ದಿನದೊಳಗೆ ಬ್ಯಾಂಕ್ ವಾಪಸ್ ಹಾಕಬೇಕು. ಆಮೇಲೆ ದಿನಕ್ಕೆ ₹100 ಪರಿಹಾರ. ಆನ್‌ಲೈನ್ ಮೋಸ ಆದರೆ ಮೊದಲು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಕೂಡಲೇ ಬ್ಯಾಂಕಿಗೆ ತಿಳಿಸಿ. ಇಲ್ಲಿ ಒಂದೊಂದು ಗಂಟೆಯೂ ಮುಖ್ಯ.

ಕೊಡಗಿನವರು ಗಮನಿಸಬೇಕಾದ್ದು ಸೊಸೈಟಿ ವಿಷಯ. ನಮ್ಮಲ್ಲಿ ಬಹಳ ಜನರ ಠೇವಣಿ, ಬೆಳೆಸಾಲ ಊರಿನ ಪತ್ತಿನ ಸಹಕಾರ ಸಂಘದಲ್ಲಿರುತ್ತದೆ. ಅದು ಬ್ಯಾಂಕಿನಂತೆ ಕಂಡರೂ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಸಹಕಾರ ಇಲಾಖೆಗೇ ಹೋಗಬೇಕು. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ 70ನೇ ಸೆಕ್ಷನ್ನಿನಡಿ ವಿವಾದ ಹೂಡಬೇಕು. ಹಣ ಇಡುವ ಮೊದಲೇ ಈ ವ್ಯತ್ಯಾಸ ಗೊತ್ತಿರಲಿ.

ವಿಮೆಗೆ ಕಂಪನಿಯ ಕುಂದುಕೊರತೆ ಅಧಿಕಾರಿ, ಆಮೇಲೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ ಅಥವಾ 155255. ಬಗ್ಗದಿದ್ದರೆ ವಿಮಾ ಒಂಬುಡ್ಸ್‌ಮನ್. ಕಂಪನಿ ತಿರಸ್ಕರಿಸಿದ ಮೇಲೆ ಒಂದು ವರ್ಷದೊಳಗೆ ಹೋಗಬೇಕು.

6. ಮಡಿಕೇರಿಯ ಗ್ರಾಹಕರ ಆಯೋಗ

ಮೇಲಿನ ದಾರಿಗಳಲ್ಲಿ ಸಿಗುವುದು ಬಹುಪಾಲು ಸೇವೆ ಸರಿಯಾಗುವುದು, ಸಣ್ಣ ಪರಿಹಾರ. ನಿಜವಾದ ನಷ್ಟ ಆಗಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಂಪನಿ ಮುಂಬೈನಲ್ಲಿದ್ದರೂ ಮಡಿಕೇರಿಗೆ ಬರಬೇಕು. ನೀವು ಕೊಟ್ಟ ಬೆಲೆ ₹5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ನೋಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ಎಷ್ಟೋ ಕಂಪನಿಗಳು ಆ ಹಂತದಲ್ಲೇ ರಾಜಿಗೆ ಬರುತ್ತವೆ.

"ಮೊಬೈಲ್ ಕಂಪನಿ ಮೇಲೆ ಗ್ರಾಹಕರ ಆಯೋಗಕ್ಕೆ ಹೋಗೋ ಹಾಗಿಲ್ಲ" ಅಂತ ಈಗಲೂ ಕೆಲವರು ಹೇಳುತ್ತಾರೆ. ಅದು ಹಳೆಯ ಮಾತು. 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೋಗಬಹುದು ಅಂತ ಸ್ಪಷ್ಟವಾಗಿ ಹೇಳಿದೆ.

ಎಚ್ಚರ: ಘಟನೆಯಾಗಿ ಎರಡು ವರ್ಷದೊಳಗೆ ದೂರು ಹಾಕಬೇಕು. ಇನ್ನೊಂದು, ವ್ಯಾಪಾರದ ಉದ್ದೇಶಕ್ಕೆ ಪಡೆದ ಸೇವೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಹೋಂಸ್ಟೇ, ದೊಡ್ಡ ಕಾಫಿ ತೋಟದ ಸಂಪರ್ಕ ಅಂದರೆ ಎದುರು ಪಕ್ಷದವರು ಮೊದಲು ಎತ್ತುವ ತಕರಾರು ಇದೇ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ನಡೆಸುವವರಿಗೆ ವಿನಾಯಿತಿ ಇದೆ. ನೀವು ಆ ಪೈಕಿಯಾದರೆ ದೂರಿನಲ್ಲೇ ಅದನ್ನು ಬರೆಯಿರಿ. ಹಾಗೇ, ಒಂದೇ ವಿಷಯಕ್ಕೆ ಎರಡು ಕಡೆ ಒಟ್ಟಿಗೆ ಹೋಗಬೇಡಿ. ಇಲ್ಲಿ ಕೇಸಿದೆ ಅಂತ ಅಲ್ಲಿ, ಅಲ್ಲಿ ಕೇಸಿದೆ ಅಂತ ಇಲ್ಲಿ ತಳ್ಳುತ್ತಾರೆ.

7. ಊರೆಲ್ಲ ಸೇರಿದರೆ

ಒಂದು ಮನೆಯ ಮೀಟರ್ ಸಮಸ್ಯೆಗೆ ಒಬ್ಬರ ದೂರು ಸಾಕು. ಇಡೀ ಫೀಡರ್ ವಾರಕ್ಕೆರಡು ಸಲ ಹೋಗುತ್ತಿದ್ದರೆ ಸಾಕಾಗುವುದಿಲ್ಲ. (ಫೀಡರ್ ಅಂದರೆ ಸಬ್‌ಸ್ಟೇಷನ್ನಿನಿಂದ ನಿಮ್ಮ ಕಡೆಯ ಊರುಗಳಿಗೆಲ್ಲ ಬರುವ 11 ಕೆವಿ ಲೈನು.) ಇಲ್ಲಿ ನಿಯಂತ್ರಣ ಆಯೋಗಕ್ಕೆ ನೇರವಾಗಿ ಮುಟ್ಟುವ ಅವಕಾಶವಿದೆ, ಬಳಸುವವರು ಕಡಿಮೆ.

ಮೊದಲು ಮಾಹಿತಿ ಹಕ್ಕಿನಲ್ಲಿ ಆ ಫೀಡರಿನ ವಿದ್ಯುತ್ ಅಡಚಣೆ ದಾಖಲೆ ಕೇಳಿ. ₹10 ಶುಲ್ಕ, ಒಂದೇ ವಿಷಯ, 150 ಪದ ಮೀರದ ಅರ್ಜಿ. ಒಂದು ವರ್ಷದ ದಾಖಲೆ ಸಾಕು.

ಆ ಹಾಳೆ ಹಿಡಿದು ಗ್ರಾಹಕರ ಸಂವಾದ ಸಭೆಗೆ ಹೋಗಿ. ಉಪವಿಭಾಗ ಮಟ್ಟದಲ್ಲಿ ಮೂರು ತಿಂಗಳಿಗೊಮ್ಮೆ, ಮೇಲಧಿಕಾರಿಗಳ ಅಧ್ಯಕ್ಷತೆಯಲ್ಲಿ ಇದನ್ನು ನಡೆಸಬೇಕು ಅಂತ ಕೆಇಆರ್‌ಸಿ ಸೂಚನೆ ಇದೆ. ಸಭೆ ಯಾವತ್ತು ಅಂತ ಎಇಇ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಖಾಲಿ ಕುರ್ಚಿಗಳ ಮುಂದೆ ಸಭೆ ಮುಗಿಸಲು ಬಿಡಬೇಡಿ.

ಆಮೇಲೆ ದರ ಪರಿಷ್ಕರಣೆಯ ಸಮಯ. ಚೆಸ್ಕಾಂ ದರ ಏರಿಸಬೇಕು ಅಂದರೆ ಕೆಇಆರ್‌ಸಿ ಮುಂದೆ ಅರ್ಜಿ ಹಾಕಬೇಕು. ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು ಜನರ ಆಕ್ಷೇಪಣೆ ಕರೆಯುತ್ತಾರೆ, ಸಾರ್ವಜನಿಕ ವಿಚಾರಣೆ ನಡೆಸುತ್ತಾರೆ. ಯಾವ ಗ್ರಾಹಕರೂ ಬರೆಯಬಹುದು, ಬಂದು ಮಾತಾಡಬಹುದು. "ದರ ಏರಿಸಬೇಡಿ" ಅಂತಷ್ಟೇ ಬರೆದರೆ ಸಾವಿರದಲ್ಲಿ ಒಂದಾಗುತ್ತದೆ. "ಈ ಫೀಡರ್ ಕಳೆದ ವರ್ಷ ಇಷ್ಟು ಗಂಟೆ ನಿಂತಿತ್ತು, ದಾಖಲೆ ಜೊತೆಗಿದೆ, ಇದನ್ನು ಸರಿಪಡಿಸಲು ಎಷ್ಟು ಹಣ ಇಟ್ಟಿದ್ದೀರಿ?" ಅಂತ ಕೇಳಿದರೆ ಕಂಪನಿ ಆಯೋಗದ ಎದುರು ಉತ್ತರ ಕೊಡಬೇಕು. ಆ ಉತ್ತರ ಆದೇಶದ ಪುಸ್ತಕದಲ್ಲಿ ಅಚ್ಚಾಗುತ್ತದೆ.

ಆಕ್ಷೇಪಣೆಯ ಕೊನೆಯ ದಿನ ಪ್ರಕಟಣೆಯಲ್ಲೇ ಇರುತ್ತದೆ. ಒಂದು ಪ್ರತಿ ಬೆಂಗಳೂರಿನ ಕೆಇಆರ್‌ಸಿ ಕಾರ್ಯದರ್ಶಿಗೆ, ಇನ್ನೊಂದು ಚೆಸ್ಕಾಂಗೆ ಕಳಿಸಿ. ಕೊನೆಯಲ್ಲಿ "ವಿಚಾರಣೆಯಲ್ಲಿ ಖುದ್ದಾಗಿ ಮಾತಾಡಲು ಅವಕಾಶ ಕೊಡಿ" ಅಂತ ಒಂದು ಸಾಲು ಸೇರಿಸಿ.